ಎರಡನೆಯ ಶಿಫಾರಸು

ಜಮಖಂಡಿ
೯ ನವೆಂಬರ್ ೨೦೨೪

ಚಿ. ಶೀತಲ್‌ಗೆ ಆಶೀರ್ವಾದಗಳು.

ಅಲ್ಲ, ‘ಗ್ಯಾಪ್’ ಎಂಬ ಶಬ್ದವನ್ನು ಆ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯದವರು ಯಾವ ಧೈರ್ಯದ ಮೇಲೆ ಬರೆದರು ಎನ್ನುವುದೇ ನನಗೆ ನಿನ್ನೆಯಿಂದ ಬಗೆಹರಿದಿಲ್ಲ. ನೀನು ಬೀದರದ ಬಸ್ಸು ಹತ್ತಿದ ಮೇಲೂ ನಾನು ಅದೇ ಕುರ್ಚಿಯಲ್ಲಿ ಕೂತು ನೀನು ಬಿಟ್ಟುಹೋದ ಅರ್ಜಿಯ ನಕಲನ್ನು ಓದುತ್ತಿದ್ದೆ. “ನಿಮ್ಮ ಶಿಕ್ಷಣದಲ್ಲಿ ಎರಡು ವರ್ಷದ ಗ್ಯಾಪ್ ಕಂಡುಬರುತ್ತದೆ, ವಿವರಿಸಿ.” ಗ್ಯಾಪ್ ಅಂತೆ! ಗ್ಯಾಪು ಬಾಗಿಲಿಗಿರುತ್ತದೆ, ಹಲ್ಲಿಗಿರುತ್ತದೆ. ನನ್ನ ಬಾಯಲ್ಲೇ ನಾಲ್ಕಿವೆ. ನಿಮ್ಮಪ್ಪ ಜಕ್ಕಪ್ಪನ ಕಾಲು ಮುರಿದಾಗ ಹದಿನೆಂಟರ ಹುಡುಗಿ ಇಡೀ ಹಿಂಡನ್ನು ಹೊಡೆದುಕೊಂಡು ರನ್ನ ಬೆಳಗಲಿಯಿಂದ ಕೃಷ್ಣೆಯ ದಂಡೆಯವರೆಗೆ ಎರಡು ವರ್ಷ ಅಲೆದದ್ದಕ್ಕೆ ಇವರ ನಿಘಂಟಿನಲ್ಲಿ ಇದೊಂದೇ ಹೆಸರೇ? ಯಾವ ಹಿಂಡು ಎಲ್ಲಿ ಮೇಯಿತು, ಯಾವ ಕುರಿಗೆ ಗದ್ದ ಬಾತಿತು ಎಂದು ನೀನು ಬರೆದಿಟ್ಟ ಆ ನೋಟುಬುಕ್ಕುಗಳಿಂದಲೇ ಅಲ್ಲವೆ ಕುರಿರೋಗದ ಈ ಸಂಶೋಧನೆಯ ವಿಚಾರ ಹುಟ್ಟಿದ್ದು? ಅವರಿಗೆ ಬೇಕಾದದ್ದೆಲ್ಲ ಆ ಗ್ಯಾಪಿನಲ್ಲೇ ಇದೆ. ಅದಕ್ಕೆ ವಿವರಣೆ ಬೇಕಂತೆ!

ಇನ್ನು ಆ ಇಂಗ್ಲಿಷ್ ಪರೀಕ್ಷೆ. ಹದಿಮೂರನೆಯ ವಯಸ್ಸಿನಿಂದ ಈ ಪಡಸಾಲೆಯಲ್ಲಿ ನನ್ನೆದುರು ಕೂತು ಇಂಗ್ಲಿಷ್ ಕಲಿತವಳು, ಪಶುವೈದ್ಯದ ಅಷ್ಟೂ ವರ್ಷ ಇಂಗ್ಲಿಷಿನಲ್ಲೇ ಬರೆದು ಪಾಸಾದವಳು, ಈಗ ಹುಬ್ಬಳ್ಳಿಗೆ ಹೋಗಿ ಕಿವಿಗೆ ಡಬ್ಬಿ ಹಾಕಿಕೊಂಡು ತನಗೆ ಇಂಗ್ಲಿಷ್ ಬರುತ್ತದೆ ಎಂದು ಸಾಬೀತುಪಡಿಸಬೇಕು. ಅದರ ಸರ್ಟಿಫಿಕೇಟು ಎರಡು ವರ್ಷಕ್ಕೆ ಕೆಡುತ್ತದಂತೆ. ಭಾಷೆಯೇನು ಮೊಸರೇ, ಹುಳಿಯಾಗಲು? ನಾನು ಬಿ.ಎ. ಓದಿದ್ದು ಎಪ್ಪತ್ತೆರಡರಲ್ಲಿ. ಅರ್ಧ ಮರೆತಿದ್ದೇನೆ, ಒಪ್ಪುತ್ತೇನೆ. ಉಳಿದರ್ಧ ಈಗಲೂ ತಾಜಾ ಇದೆ. ಇಂಥವರಿಗೆ ನಮ್ಮ ಪ್ರೊಫೆಸರರು ಒಂದು ಶಬ್ದ ಹೇಳುತ್ತಿದ್ದರು: ಕಂಡಿಸೆಂಡಿಂಗ್. ಅಟ್ಟದ ಮೇಲಿನಿಂದ ಬಗ್ಗಿ ಭಿಕ್ಷೆ ಹಾಕುವವನ ಮುಖ, ಅಂತ ಅರ್ಥ ಹೇಳಿದ್ದರು. ನಿಘಂಟಿನಲ್ಲಿ ಬೇರೆ ಏನೋ ಇರಬಹುದು.

ಎರಡು ಶಿಫಾರಸು ಬೇಕು ಎಂದೆ. ಮೊದಲನೆಯದು ನಿನಗೆ ಬೀದರದಲ್ಲಿ ಕೆಲಸ ಕೊಟ್ಟಿರುವ ಪ್ರೊಫೆಸರ್ ಮುರಗೆಪ್ಪನವರದು. ಎರಡನೆಯದು “ಊರಿನಲ್ಲಿ ಅರ್ಜಿದಾರಳನ್ನು ಬಲ್ಲ ಹಿರಿಯರದು”, ಅಂದರೆ ನನ್ನದು. ಬರೆಯುತ್ತೇನೆ. ಆದರೆ ಅದರಲ್ಲೂ ನೋಡು, ಅರ್ಜಿದಾರಳಿಗೆ ನೀವು ಏನಾಗಬೇಕು ಎಂದು ಕೇಳಿ ಕೆಳಗೆ ಒಂದು ಪಟ್ಟಿ ಕೊಟ್ಟಿದ್ದಾರೆ. ಮಾಲಕ, ಮೇಲಧಿಕಾರಿ, ಪಾದ್ರಿ, ಮುಂತಾಗಿ. ಮಾಸ್ತರ ಎಂಬುದು ಇಲ್ಲ. ಕೊನೆಗೆ ‘ಅದರ್’ ಅಂತ ಒಂದಿದೆ. ನಿನ್ನ ಪಾಲಿಗೆ ನಾನು ಅದರ್!

ಫೋನು ಮಾಡಬೇಡ. ಕಿವಿ ಈಗ ಪೂರ್ತಿ ಹೋದ ಹಾಗೆಯೇ. ಗುಂಯ್ ಎನ್ನುವುದಷ್ಟೇ ಕೇಳುತ್ತದೆ. ಕಾಗದ ಬರೆ.

ನಿನ್ನ ಮಾಸ್ತರ,
ರಘುವೀರ ಸಬನೀಸ


ಬೀದರ
೧೮ ನವೆಂಬರ್ ೨೦೨೪

ಸರ್‌ಗೆ ನಮಸ್ಕಾರಗಳು.

ಗ್ಯಾಪಿನ ವಿವರಣೆ ಬರೆದು ಕಳಿಸಿದೆ. “ತಂದೆಗೆ ಅಪಘಾತವಾದ್ದರಿಂದ ಕುಟುಂಬದ ಕುರಿ ಕಾಯ್ದೆ” ಎಂದು ಒಂದೇ ಸಾಲು. ನಿಮ್ಮ ಹಾಗೆ ಬೈದು ಬರೆಯಲಿಲ್ಲ. ನನಗೆ ಈ ಸೀಟು ಬೇಕು ಸರ್. ಫೆಲೋಶಿಪ್ ಇಲ್ಲದೆ ಹೋಗಲು ಆಗುವುದಿಲ್ಲ, ಅದು ವರ್ಷಕ್ಕೆ ಒಬ್ಬರಿಗೇ. ಮುಂದಿನ ವರ್ಷ ನನಗೆ ಅವರ ವಯಸ್ಸಿನ ಮಿತಿ ದಾಟುತ್ತದೆ. ಇದೊಂದೇ ಸಲ.

ಇಂಗ್ಲಿಷ್ ಪರೀಕ್ಷೆ ಆಯಿತು. ಹುಬ್ಬಳ್ಳಿಯಲ್ಲಿ ಒಂದು ಯಂತ್ರಕ್ಕೆ ನನ್ನ ಊರಿನ ಬಗ್ಗೆ ಎರಡು ನಿಮಿಷ ಮಾತಾಡಿದೆ. ಅದು ತಲೆಯಾಡಿಸಲೂ ಇಲ್ಲ.

ಇಲ್ಲಿ ಮುರಗೆಪ್ಪ ಸರ್ ಜೊತೆ ಹೋದ ವಾರ ಔಷಧದ ಪ್ರಮಾಣದ ವಿಷಯಕ್ಕೆ ವಾದವಾಯಿತು. ನಾನು ಹೇಳಿದ್ದೇ ಸರಿಯಿತ್ತು. ಎಲ್ಲರ ಮುಂದೆ ಹೇಳಬಾರದಿತ್ತು ಅನ್ನಿಸುತ್ತದೆ. ಅವರೂ ಶಿಫಾರಸು ಬರೆಯಬೇಕಲ್ಲ.

ನಿಮ್ಮ ಪತ್ರದಲ್ಲಿ ಬರೀ ಗುಣವಾಚಕ ಬೇಡವಂತೆ, ನಡೆದ ಘಟನೆ ಬೇಕಂತೆ. ನಾನು ಹಿಂಡಿನ ಜೊತೆ ಇದ್ದಾಗ ನದಿದಂಡೆಯಲ್ಲಿ ಮಾದೇವಿ ಕಾಕುವಿನ ಕುರಿಗಳದು ನಡೆಯಿತಲ್ಲ, ನಿಮಗೆ ಗೊತ್ತಿದೆ. ಅದೊಂದು ಬರೆದರೂ ಸಾಕು. ನಾನೇ ಹೇಳಿ ಬರೆಸಿದೆ ಅನ್ನಿಸಬಾರದು, ಇಷ್ಟಕ್ಕೇ ಬಿಡುತ್ತೇನೆ.

ಶೀತಲ್


ಜಮಖಂಡಿ
೨ ಡಿಸೆಂಬರ್ ೨೦೨೪

ಚಿ. ಶೀತಲ್‌ಗೆ ಆಶೀರ್ವಾದಗಳು.

ಕಳಿಸಿದೆ. ಕೋರ್ಟಿನ ಎದುರು ವೈಶಾಲಿಯ ಕಂಪ್ಯೂಟರ್ ಅಂಗಡಿಯಲ್ಲಿ ಮೂರು ಮಧ್ಯಾಹ್ನ ಕೂತೆ. ಮೊದಲ ದಿನ ಅವರ ತಾಣ ನನ್ನನ್ನು ಒಳಗೇ ಬಿಡಲಿಲ್ಲ. ನಾನು ಮನುಷ್ಯನೋ ಯಂತ್ರವೋ ಎಂದು ಪರೀಕ್ಷೆ. ಒಂಬತ್ತು ಚಿತ್ರ ಕೊಟ್ಟು ಯಾವುದರಲ್ಲಿ ಸೈಕಲ್ ಇದೆ ಹೇಳು ಎಂದಿತು. ಮೂವತ್ತೊಂದು ವರ್ಷ ಸಾಲಿಯಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ! ನನ್ನ ಸಿಟ್ಟು ನೋಡಿ ವೈಶಾಲಿಯೇ ಸೈಕಲ್ ಹುಡುಕಿಕೊಟ್ಟಳು. ಊರಿನ ಹೆಸರಿನ ಪಟ್ಟಿಯಲ್ಲಿ ಜಮಖಂಡಿ ಇಲ್ಲ, ಮುಧೋಳವಿಲ್ಲ, ಬೀಳಗಿ ಇಲ್ಲ, ರಬಕವಿ-ಬನಹಟ್ಟಿಯಂತೂ ಕೇಳಲೇಬೇಡ. ಒಂದು ಸಂಸ್ಥಾನ ಇದ್ದ ಊರು ಇದು. ಅವರ ಅಜ್ಜಂದಿರು ಇಲ್ಲಿ ಬಂದು ಊಟ ಮಾಡಿ ಕೈ ತೊಳೆದು ಹೋಗಿದ್ದಾರೆ. ಮೊಮ್ಮಕ್ಕಳಿಗೆ ಪಟ್ಟಿಯಲ್ಲಿ ಹಾಕಲು ಸ್ಥಳವಿಲ್ಲ.

ಏನು ಬರೆದೆ ಎಂದು ಕೇಳಬೇಡ. ಸ್ಟ್ರಿಕ್ಟ್‌ಲಿ ಕಾನ್ಫಿಡೆನ್ಶಿಯಲ್ ಎಂದು ಅವರೇ ಹಾಕಿದ್ದಾರೆ. ಮಾದೇವಿಯ ಪ್ರಸಂಗದ ಎಳೆಯೊಂದು ಅದರಲ್ಲಿದೆ. ನೀನು ಅದನ್ನು ಯಾಕೆ ನೆನಪಿಸಿದೆ ಎಂದು ಮೊದಲು ನನಗೆ ಅರ್ಥವಾಗಲಿಲ್ಲ, ಆಮೇಲೆ ಹೊಳೆಯಿತು. ಹೌದಪ್ಪ, ಇವಳೂ ನನ್ನ ಮನೆಯಾಕೆ ಮಥುರೆಯ ಕೈಯಲ್ಲಿ ಬೆಳೆದವಳಲ್ಲವೇ ಎಂದುಕೊಂಡೆ. ಮಥುರೆ ತೀರಿಹೋಗಿ ಮೂರು ವರ್ಷವಾಯಿತು, ಆದರೆ ಅವಳು ಮಾಡುತ್ತಿದ್ದ ಒಂದು ಕೆಲಸವನ್ನು ಈ ಸಲ ಅವಳ ಬದಲು ನಾನು ಮಾಡಿದ್ದೇನೆ. ನಿಶ್ಚಿಂತಳಾಗಿರು.

ಮುರಗೆಪ್ಪನವರ ಜೊತೆ ವಾದ ಕಡಿಮೆ ಮಾಡು.

ರಘುವೀರ ಸಬನೀಸ


ಬೀದರ
೧೮ ಫೆಬ್ರುವರಿ ೨೦೨೫

ಸರ್,

ಮೊನ್ನೆ ಮೇಲ್ ಬಂತು. ಕೊನೆಯ ಇಬ್ಬರಲ್ಲಿ ನಾನೊಬ್ಬಳು. ಆದರೆ ನನ್ನ ಹೆಸರನ್ನು ತಡೆಹಿಡಿದಿದ್ದಾರೆ. ಅವರು ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: “ಅರ್ಜಿದಾರರು ಹಿರಿಯರ ಮಾತಿಗೆ ಬೆಲೆ ಕೊಡುವುದಿಲ್ಲ, ಅವರಿಗೆ ಅಡ್ಡ ನಿಲ್ಲುತ್ತಾರೆ ಎಂದು ಶಿಫಾರಸುದಾರರಲ್ಲಿ ಒಬ್ಬರು ತಿಳಿಸಿದ್ದಾರೆ. ನಮ್ಮ ಸಂಶೋಧನೆ ಗುಂಪಿನಲ್ಲಿ ನಡೆಯುವಂಥದ್ದು. ಇಪ್ಪತ್ತೆಂಟು ದಿನದೊಳಗೆ ಬೇರೊಬ್ಬ ಶಿಫಾರಸುದಾರರನ್ನು ಸೂಚಿಸಬಹುದು.” ಯಾರು ಎಂದು ಅವರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ನಾನು ನೇರ ಮುರಗೆಪ್ಪ ಸರ್ ಕೋಣೆಗೆ ಹೋದೆ. ಔಷಧದ ಲೆಕ್ಕ ತಪ್ಪಿದ್ದು ನಿಮ್ಮದು, ಹೊಟ್ಟೆಕಿಚ್ಚು ತೀರಿಸಿದ್ದು ನನ್ನ ಜೀವನದ ಮೇಲೆ ಎಂದೆ. ಅವರು ಏನೋ ಹೇಳಲು ಬಂದರು, ಕೇಳಲಿಲ್ಲ. ಪ್ರಯೋಗಾಲಯದ ಕೀಲಿಕೈಯನ್ನು ಅವರ ಮೇಜಿನ ಮೇಲೆ ಎಸೆದು ಬಂದೆ. ಕೆಲಸ ಬಿಟ್ಟ ಹಾಗೆಯೇ. ಎರಡು ದಿನದಿಂದ ರೂಮಿನಲ್ಲೇ ಇದ್ದೇನೆ.

ಅಪ್ಪ ಅವ್ವನಿಗೆ ತಿಳಿಸಿಲ್ಲ. ನಿಮಗೆ ಮಾತ್ರ ಬರೆದಿದ್ದೇನೆ.

ಶೀತಲ್


ಜಮಖಂಡಿ
೨೪ ಫೆಬ್ರುವರಿ ೨೦೨೫

ಚಿ. ಶೀತಲ್‌ಗೆ,

ನಿನ್ನ ಕಾಗದ ಮುಟ್ಟಿತು. ಎಂಥ ಜನ ಇವರು! ಒಂದು ಸಾಲು ಹಿಡಿದುಕೊಂಡು ಒಬ್ಬಳ ಬಾಳನ್ನು ತಡೆಹಿಡಿಯುವುದೆಂದರೆ? ಒಬ್ಬ ಮನುಷ್ಯ ಒಂದಿಡೀ ಪತ್ರ ಬರೆದಿರುತ್ತಾನೆ, ಅದರಲ್ಲಿ ಹತ್ತು ಒಳ್ಳೆಯ ಮಾತಿರುತ್ತವೆ, ಒಂದು ಇನ್ನೊಂದು ನಮೂನೆಯದಿರುತ್ತದೆ. ಹತ್ತನ್ನು ಬಿಟ್ಟು ಒಂದನ್ನು ಹೆಕ್ಕುವುದು ವಿದ್ವತ್ತೇ? ಊಟಕ್ಕೆ ಕರೆದರೆ ಉಪ್ಪಿನಕಾಯಿ ಮಾತ್ರ ನೆಕ್ಕಿ, ಅಡಿಗೆ ಬಲು ಖಾರ ಎಂದು ಊರೆಲ್ಲ ಹೇಳಿದ ಹಾಗಾಯಿತು. ಅವರಿಗೆ ಮನುಷ್ಯರ ರೀತಿ-ರಿವಾಜು ತಿಳಿಯುವುದಿಲ್ಲ. ನಾಟ್ ಓನ್ಲಿ ಇಗ್ನೊರಂಟ್ ಬಟ್ ಆಲ್ಸೋ ಅರೊಗಂಟ್. ಇನ್ನೂರು ವರ್ಷ ಇಲ್ಲಿದ್ದು ಹೋದವರು ಇಷ್ಟೂ ಕಲಿಯಲಿಲ್ಲ.

ಮುರಗೆಪ್ಪನವರ ವಿಷಯ. ಏನು ಹೇಳಲಿ. ಇರಬಹುದು. ದೊಡ್ಡ ಹುದ್ದೆಯವರ ಮನಸ್ಸು ಸಣ್ಣದಿರಬಹುದು. ನೀನು ಅವರಿಗೆ ಮತ್ತೇನೂ ಬರೆಯಬೇಡ, ಹೇಳಲೂ ಬೇಡ. ಆದದ್ದು ಆತು.

ಬೇರೆ ಶಿಫಾರಸುದಾರರನ್ನು ಯೋಚಿಸೋಣ. ಇಲ್ಲಿ ಬಿಸಿಲು ಜೋರಾಗಿದೆ.

ರಘುವೀರ ಸಬನೀಸ


ಜಮಖಂಡಿ
೨೭ ಫೆಬ್ರುವರಿ ೨೦೨೫

ಶೀತಲ್,

ಮೂರು ದಿನದ ಹಿಂದೆ ನಾನು ಬರೆದ ಕಾಗದವನ್ನು ಹರಿದು ಹಾಕು. ಅದರಲ್ಲಿ ‘ಇರಬಹುದು’ ಎಂಬ ಒಂದು ಶಬ್ದ ಬರೆದಿದ್ದೇನೆ. ನನ್ನ ಎಪ್ಪತ್ತನಾಲ್ಕು ವರ್ಷದಲ್ಲಿ ಅಷ್ಟು ಹೊಲಸು ಶಬ್ದ ಬರೆದಿರಲಿಲ್ಲ.

ಆ ಸಾಲು ಮುರಗೆಪ್ಪನವರದಲ್ಲ. ನನ್ನದು.

ಹೇಗಾಯಿತು ಎಂದು ಹೇಳುತ್ತೇನೆ. ನೆಪ ಎಂದುಕೊಂಡರೂ ಓದು. ನೀನು ಹತ್ತನೆಯ ಇಯತ್ತೆಯ ಪರೀಕ್ಷೆಗೆ ಇಲ್ಲಿಂದಲೇ ಹೊರಡುತ್ತಿದ್ದೆ. ಆ ಆರು ದಿನವೂ ಮಥುರಾಬಾಯಿ ದೀಪದ ಮಸಿಯನ್ನು ಬೆರಳಿಗೆ ತಗೊಂಡು ನಿನ್ನ ಕಿವಿಯ ಹಿಂದೆ ಹಚ್ಚಿ ಕಳಿಸುತ್ತಿದ್ದಳು. ಸೊಗಸಾದದ್ದಕ್ಕೆ ಎಲ್ಲಿಯಾದರೂ ಒಂದು ಕಪ್ಪು ಚುಕ್ಕೆ ಇರಬೇಕು, ಇಲ್ಲದಿದ್ದರೆ ಮಂದಿಯ ಕಣ್ಣು ತಾಗುತ್ತದೆ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ನಗಲು ಅವಳು ಇದ್ದಳಲ್ಲ. ಈಗ ಅವಳಿಲ್ಲ, ಅವಳು ಮಾಡುತ್ತಿದ್ದದ್ದನ್ನೆಲ್ಲ ಒಂದೊಂದಾಗಿ ನಾನು ಮಾಡತೊಡಗಿದ್ದೇನೆ. ಶಿಫಾರಸು ಬರೆಯಲು ಕೂತೆ. ನಿನ್ನ ಬಗ್ಗೆ ಒಂದೂವರೆ ಪುಟ ಛಲೋ ಬರೆದೆ, ತಿರುಗಿ ಓದಿದೆ. ಓದಿ ಹೆದರಿದೆ. ಸಮುದ್ರದಾಚೆಯ ಗುರುತಿಲ್ಲದ ಮಂದಿ ಇಷ್ಟನ್ನೂ ಓದುತ್ತಾರಲ್ಲ, ಈ ಹುಡುಗಿ ಅಷ್ಟು ದೂರ ಒಬ್ಬಳೇ ಹೋಗಬೇಕಲ್ಲ ಎನ್ನಿಸಿತು. ಕೊನೆಗೆ ಒಂದು ಚುಕ್ಕೆ ಇಟ್ಟೆ.

ಯಾವ ಚುಕ್ಕೆ ಇಡಲಿ ಎಂದು ಹುಡುಕುವಾಗ ನಿನ್ನ ಕಾಗದವೇ ದಾರಿ ತೋರಿತು. ನೀನು ಕುರಿ ಕಾಯುತ್ತಿದ್ದಾಗ ಒಂದು ಸಂತೆಯ ದಿನ ಮಾದೇವಿ ನಮ್ಮ ಕಟ್ಟೆಯ ಮುಂದೆ ನಿಂತು, “ನಿಮ್ಮ ಶಿಷ್ಯಾ ಹಿರೇರಿಗೆ ಅಡ್ಡ ನಿಂದರ್ತಾಳ್ರಿ, ಕಲಿಸಿದ್ದ ಇದನ?” ಎಂದು ಬೈದು ಹೋಗಿದ್ದಳು. ನೀನು ‘ಅದೊಂದು ಬರೆದರೂ ಸಾಕು’ ಎಂದದ್ದನ್ನು ನಾನು ನಿನ್ನದೇ ಒಪ್ಪಿಗೆ ಎಂದು ತಿಳಿದೆ. ಮಥುರೆ ಬೆಳೆಸಿದ ಹುಡುಗಿ, ಮಸಿ ಎಲ್ಲಿ ಹಚ್ಚಬೇಕೆಂದು ತಾನೇ ತೋರಿಸಿದಳು ಎಂದುಕೊಂಡೆ.

ವೈಶಾಲಿ ತಡೆದಿದ್ದಳು. ಟೈಪು ಮಾಡುತ್ತ ಬೆರಳು ನಿಲ್ಲಿಸಿದಳು. ನನಗೆ ಕೇಳಲೆಂದು ಅಂಗಡಿ ಹಾರಿಹೋಗುವ ಹಾಗೆ ಕೂಗಿದಳು.

“ಸರ್, ಮ್ಯಾಲ ಇಷ್ಟ ಛಲೋ ಬರದ ಬುಡಕ್ಕ ಇದನ್ಯಾಕ ಹಾಕೀರಿ?”

“ಇರಲಿ ಬೇ. ದೃಷ್ಟಿ ತಾಗಬಾರ್ದು.”

“ಕಂಪ್ಯೂಟರಿಗೆ ಎಲ್ಲೀ ದೃಷ್ಟಿರೀ?”

“ಓದಾವ್ರು ಮನಷ್ಯಾರ ಇರ್ತಾರಲ್ಲ.”

“ಆತ್ರೀ, ನಿಮ್ಮ ಇಷ್ಟ. ಬಟನ್ ನಾ ಒತ್ತತೇನಿ, ಪಾಪ ನಿಮ್ದು.”

ನಿನ್ನೆ ಮುಧೋಳ ಬಸ್ಸು ಹಿಡಿದು ರನ್ನ ಬೆಳಗಲಿಗೆ ಹೋದೆ. ಖರೆ ಹೇಳಬೇಕೆಂದರೆ ನಿಮ್ಮಪ್ಪನ ಬಾಯಿಂದ ‘ಹೋಗ್ಲಿ ಬಿಡ್ರಿ ಮಾಸ್ತರ’ ಅನ್ನಿಸಿಕೊಳ್ಳಲು ಹೋಗಿದ್ದೆ. ಜಕ್ಕಪ್ಪ ಎಲ್ಲವನ್ನೂ ಕೇಳಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು, “ಮಾಸ್ತರ, ಹಟ್ಟ್ಯಾಗ ಇದ್ದಾಗ ಛಲೋ ಮರಿಗೆ ನಾವೂ ಕರಿದಾರ ಕಟ್ತೇವ್ರಿ. ಆದ್ರ ಸಂತಿಗೆ ಹೊಂಟ ದಿನಾ ದಾರಾ ಬಿಚ್ಚಿ, ಮೈ ತೊಳದ ಒಯ್ತೇವಿ. ಸಂತ್ಯಾಗ ನಿಂತು, ಇದು ಕುಂಟತೈತ್ರೆಪೋ ಅಂತ ನಾವ ಕೂಗತೇವೇನ್ರಿ?” ಎಂದ.

ಹುಡುಗಿಯನ್ನು ಮರಿಗೆ ಹೋಲಿಸುತ್ತೀಯಲ್ಲೋ ಎಂದು ಬೈದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಿಮ್ಮವ್ವ ಸಾತವ್ವ ಮಜ್ಜಿಗೆ ತಂದಳು. ಪ್ರತಿ ಸಲ ಕೈಗೆ ಕೊಡುವವಳು ನಿನ್ನೆ ನೆಲದ ಮೇಲೆ ಇಟ್ಟು ಹೋದಳು.

ಮುರಗೆಪ್ಪನವರಿಗೆ ಇವತ್ತೇ ಇಂಗ್ಲಿಷಿನಲ್ಲಿ ಕಾಗದ ಹಾಕಿದ್ದೇನೆ. ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಿದೆ. ಸರ್ವಿಸಿನಲ್ಲಿ ಸಾವಿರ ಸಲ ಬರೆದಿದ್ದೆ, ಬೇಡುವುದು ಎಂದರೆ ಏನೆಂದು ಇವತ್ತು ತಿಳಿಯಿತು. ನಿನಗಾಗಿ ಆ ವಿಶ್ವವಿದ್ಯಾಲಯಕ್ಕೂ ಹೊಸ ಪತ್ರ ಬರೆಯುತ್ತೇನೆ. ಈ ಸಲ ಚುಕ್ಕೆಯಿಲ್ಲದೆ. ನೀನು ಹೂಂ ಎಂದರೆ ಸಾಕು.

ರಘುವೀರ


ಬೀದರ
೫ ಮಾರ್ಚ್ ೨೦೨೫

ಸರ್,

ನಿಮ್ಮ ಕಾಗದ ಎರಡು ಸಲ ಓದಿದೆ.

ಮುರಗೆಪ್ಪ ಸರ್ ಹತ್ತಿರ ಹೋಗಿದ್ದೆ. ನಿಮ್ಮ ಪತ್ರ ಅವರ ಕೈಯಲ್ಲೇ ಇತ್ತು. ಅವರು ನನ್ನ ಬಗ್ಗೆ ಬರೆದದ್ದನ್ನು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದರು. ಔಷಧದ ಪ್ರಮಾಣದಲ್ಲಿ ತಮ್ಮ ತಪ್ಪನ್ನು ನಾನು ಹಿಡಿದದ್ದನ್ನೂ ಅದರಲ್ಲಿ ಬರೆದಿದ್ದರು, ಹೊಗಳಿಕೆಯಾಗಿ. ನೆಲ ಬಾಯಿಬಿಟ್ಟಿದ್ದರೆ ಇಳಿಯುತ್ತಿದ್ದೆ. ಕೀಲಿಕೈಯನ್ನು ನನ್ನ ಕಡೆ ಸರಿಸಿ, “ಇನ್ನೊಂದು ಪತ್ರ ಬರದಾವ್ರಿಗೆ ನಿನ್ನ ಗುರ್ತ ಇತ್ತೇನವಾ?” ಎಂದು ಕೇಳಿದರು. ಇತ್ತು ಅಂದೆ. ಅವರು ನಗಲಿಲ್ಲ.

ದೃಷ್ಟಿಯ ಮಾತು ಹೇಳಿದ್ದೀರಿ. ಮಥುರಾ ಕಾಕಿ ಹಚ್ಚುತ್ತಿದ್ದ ಮಸಿ ನನಗೆ ಗೊತ್ತಾಗುತ್ತಿತ್ತು ಸರ್. ಬೆರಳು ತಣ್ಣಗಿರುತ್ತಿತ್ತು. ಪರೀಕ್ಷೆ ಮುಗಿಸಿ ಬಂದು ನಾನೇ ತೊಳೆದುಕೊಳ್ಳುತ್ತಿದ್ದೆ. ನೀವು ಹಚ್ಚಿದ್ದು ನನಗೆ ಕಾಣದಲ್ಲಿ.

ಇನ್ನೊಂದು ಹೇಳುತ್ತೇನೆ. ಅಪ್ಪನ ಸಾಲಿ ಬಿಟ್ಟ ದಾಖಲೆ ನಮ್ಮ ಟ್ರಂಕಿನಲ್ಲಿದೆ. ಮೂರನೆಯ ಇಯತ್ತೆ. ನಡತೆ ಎಂಬಲ್ಲಿ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಬರೆದು ಮನೆಗೆ ಕಳಿಸಿದ್ದರು. ಬರೆದ ಮಾಸ್ತರರೂ ಅಪ್ಪನ ಒಳ್ಳೆಯದಕ್ಕೇ ಬರೆದಿರಬಹುದು. ಅದಾದ ಮೇಲೆ ಅಪ್ಪ ಕುರಿಯ ಹಿಂದೆ ಹೋದ, ಮತ್ತೆ ಸಾಲಿಯ ಮೆಟ್ಟಿಲು ಹತ್ತಲಿಲ್ಲ. ಬೇರೆ ಮನೆಯ ಮಕ್ಕಳ ಬಗ್ಗೆ ಇದೇ ಮಾತನ್ನು ‘ಸ್ವತಂತ್ರ ಬುದ್ಧಿ’ ಎಂದು ಬರೆಯುತ್ತಾರೆ, ನಾನು ನೋಡಿದ್ದೇನೆ.

ನೀವು ಹೊಸ ಪತ್ರ ಬರೆಯುವುದು ಬೇಡ. ನಿಮ್ಮ ಹೆಸರಿನ ಬದಲು ಮಾದೇವಿ ಕಾಕುವಿನ ಹೆಸರು ಕೊಟ್ಟಿದ್ದೇನೆ. ಈಗ ಅವಳ ಹಿಂಡು ಚಿಕ್ಕಪಡಸಲಗಿಯ ಹತ್ತಿರ ಇದೆ. ಅವಳು ಹೇಳಿದ್ದನ್ನು ಯಾರಾದರೂ ಇಂಗ್ಲಿಷ್ ಮಾಡಬೇಕು. ಅಲ್ಲಿ ನಿಮ್ಮನ್ನು ಬಿಟ್ಟರೆ ನನಗೆ ಬೇರೆ ಯಾರೂ ಇಲ್ಲ. ಅವಳು ಹೇಳಿದಷ್ಟೇ ಬರೆಯಿರಿ. ಹೆಚ್ಚು ಬೇಡ, ಕಡಿಮೆ ಬೇಡ. ಮಾರ್ಚ್ ಹದಿನಾರು ಕೊನೆಯ ದಿನ.

ಶೀತಲ್


ಚಿಕ್ಕಪಡಸಲಗಿ, ನದಿಯ ದಂಡೆ
೧೨ ಮಾರ್ಚ್ ೨೦೨೫

ಶೀತಲ್,

ಮಾದೇವಿಯ ಹಟ್ಟಿಯ ಪಕ್ಕದಲ್ಲಿ, ಕಬ್ಬು ಕಡಿದ ಹೊಲದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ವೈಶಾಲಿ ತನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕರೆತಂದಳು. ಈಗ ಅವಳು ನದಿಗೆ ಕಟ್ಟಿದ ಬಾಂದಾರದ ಮೇಲೆ ಹೋಗಿದ್ದಾಳೆ. ಅಲ್ಲಿ ಮಾತ್ರ ಫೋನಿಗೆ ಸಿಗ್ನಲ್ ಬರುತ್ತದಂತೆ. ಅಲ್ಲಿಂದಲೇ ಎಲ್ಲವನ್ನೂ ಕಳಿಸಿ ಬರುತ್ತಾಳೆ.

ಮೊದಲು ನನ್ನ ಸಿಟ್ಟು ಇಳಿಸಿಕೊಳ್ಳುತ್ತೇನೆ. ಶಿಫಾರಸುದಾರರಿಗೆ ಇ-ಮೇಲ್ ವಿಳಾಸ ಕಡ್ಡಾಯವಂತೆ. ಊರಿಗೊಂದು ದಿನ ಇರುವ ಈ ಹೆಂಗಸಿಗೆ ಮನೆಯ ವಿಳಾಸವೇ ಇಲ್ಲ, ಇ-ಮೇಲಿನದು ಎಲ್ಲಿಂದ ತರಬೇಕು? ಹುದ್ದೆ ಏನು, ಸಂಸ್ಥೆ ಯಾವುದು, ಕಚೇರಿಯ ಮುದ್ರೆ ಇರುವ ಹಾಳೆ ಇದೆಯೇ. ವೈಶಾಲಿ ನಿಂತಲ್ಲೇ ಒಂದು ಇ-ಮೇಲ್ ಹುಟ್ಟಿಸಿದಳು. ಹುದ್ದೆಯ ಜಾಗದಲ್ಲಿ ನಾನು ‘ಶೆಫರ್ಡ್’ ಎಂದು ಬರೆಸಿದೆ. ಅದು ಅವರ ಪಟ್ಟಿಯಲ್ಲಿಲ್ಲ. ಕುರಿಯ ಮೇಲೆ ಸಂಶೋಧನೆ ಮಾಡುವ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕುರುಬರು ಇಲ್ಲ!

ಮಾದೇವಿ ಕಂಬಳಿ ಹಾಸಿ ಕೂರಿಸಿದಳು. ಹಿಂಡು ಕೂಗಿ ಪಳಗಿದ ಅವಳ ದನಿ ನನ್ನ ಕಿವಿಗೂ ಮುಟ್ಟುತ್ತದೆ.

“ಯಾವೂರವ್ರಿಗೆ ಬರೀಬೇಕ್ರಿ ಇದು?”

“ಸ್ಕಾಟ್ಲೆಂಡ್ ಅಂತ. ಸಮುದ್ರದಾಚೆ.”

“ಅಲ್ಲಿ ಕುರಿ ಅದಾವೇನ್ರಿ?”

“ಮಂದಿಕಿಂತ ಹೆಚ್ಚ ಅದಾವಂತ.”

“ಹಂಗಿದ್ರ ಅವ್ರಿಗೆ ತಿಳೀತೈತಿ ಬಿಡ್ರಿ. ಹಿಡೀರಿ ಪೆನ್ನ. ಈ ಹುಡಿಗಿ ಹೇಳಿದ ಮಾತ ಕೇಳೂದಿಲ್ಲ.”

ನನ್ನ ಕೈ ಅಲ್ಲೇ ನಿಂತಿತು.

“ಮಾದೇವೀ, ಇದ ಬ್ಯಾಡ.”

“ಯಾಕ ಬ್ಯಾಡ? ಖರೇನ ಐತಿ.”

“ಇದ ಮಾತ್ನಿಂದನ ಎಲ್ಲಾ ಕೆಟ್ಟದ್ದು. ಬ್ಯಾರೆ ಹೇಳು.”

“ನೀವೇನ ಬರದಿದ್ರಿ ಮೊದ್ಲ?”

ಹೇಳಿದೆ. ನೀನು ಹಿರಿಯರಿಗೆ ಅಡ್ಡ ನಿಲ್ಲುತ್ತೀಯ ಎಂದು ಅವಳೇ ಬೈದದ್ದನ್ನು ಬರೆದೆ ಎಂದೆ. ಅವಳು ಬಾಯಲ್ಲಿದ್ದ ಎಲೆ-ಅಡಿಕೆ ಉಗುಳಿ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಎಂಥಾ ಮಾಸ್ತರ್ರಿ ನೀವು! ಬೈದ ಹೋದಾಕಿ ಯಾಕ ಬೈದ್ಲು, ಮುಂದೇನಾತು ಅಂತ ಕೇಳೂದಿಲ್ಲ? ಅರ್ಧಾ ಮಾತ ಕೇಳಿ, ಎಂಟ ವರ್ಷ ಇಟಗೊಂಡು, ಅದನ್ನ ಅಷ್ಟ ದೂರ ಕಳಿಸೀರಿ? ಬರೀರಿ ಈಗ, ನಾ ನಿಲ್ಸೂತನಾ ನಿಲ್ಲಬ್ಯಾಡ್ರಿ.”

ಬರೆದೆ. ಅವಳ ಮಾತಿನ ಕನ್ನಡ ಪ್ರತಿ ನಿನಗೆ ಇಲ್ಲಿ ಇಡುತ್ತೇನೆ. ಇಂಗ್ಲಿಷಿನಲ್ಲಿ ಒಂದು ಶಬ್ದ ಹೆಚ್ಚಿಲ್ಲ, ಕಡಿಮೆಯಿಲ್ಲ. ವ್ಯಾಕರಣ ತಪ್ಪಿದ್ದರೆ ಅದಷ್ಟೇ ನನ್ನದು.

“ಈ ಹುಡಿಗಿ ಹೇಳಿದ ಮಾತ ಕೇಳೂದಿಲ್ಲ. ಆ ವರ್ಷ ಬ್ಯಾಸಿಗಿ. ನೀರ ಹಿಂದ ಸರದಿತ್ತು, ದಂಡ್ಯಾಗ ಹುಲ್ಲ ಹಸರ ಇತ್ತು. ನಾ ಕುರಿ ಕೆಳಗ ಹೊಡದೆ. ಈಕಿ ಕೈಯಾನ ಬಡಗಿ ಅಡ್ಡ ಹಿಡದ ನಿಂತ್ಲು. ಆ ಹುಲ್ಲಿನ ಬುಡಕ್ಕ ಬಸವನಹುಳ ಅದಾವು, ಅದರಾಗ ಜಂತ ಐತಿ ಅಂದ್ಲು. ನಿಮ್ಮವ್ವನ ವಾರಿಗ್ಯಾಕಿ ನಾ, ಅತ್ತಾಗ ಸರಿ ಅಂದೆ. ಸರೀಲಿಲ್ಲ. ಬೈದೆ. ಸರೀಲಿಲ್ಲ. ಕಲ್ಲ ತೂರಿದೆ, ಮೊಣಕಾಲಿಗೆ ಬಡೀತು, ರಗತ ಬಂತು. ಕುಂತ್ಲು, ಖರೆ ಅಡ್ಡನ ಕುಂತ್ಲು. ಹಸದ ಕುರಿ ತಿರುಗಿಸಿಕೊಂಡ ಹ್ವಾದೆ. ಮಳಿ ಬರೂದ್ರಾಗ ಕೆಳಗ ಇಳದ ಹಿಂಡಿನ್ವು ಗದ್ದ ಬಾತ ಬಾತ ಬಿದ್ದವು. ತಗ್ಗ ತೋಡಿ ತೋಡಿ ಮಂದೀಗೆ ಸಾಕಾತು. ನನ್ವು ಒಂದೂ ಹೋಗ್ಲಿಲ್ಲ. ಅಂದ ಈಕಿ ನನ್ನ ಮಾತ ಕೇಳಿದ್ರ ಇವತ್ತ ನನ್ನ ಹಂತ್ಯಾಕ ಒಂದ ಕುರಿ ಇರ್ತಿದ್ದಿಲ್ಲ. ಇಂಥಾಕಿ ಬೇಕಿದ್ರ ಕರಕೊಳ್ರಿ. ಹೂಂ ಅನ್ನಾಕಿ ಬೇಕಿದ್ರ ಬ್ಯಾರೆ ನೋಡ್ಕೊಳ್ರಿ.”

ಹೆಬ್ಬೆಟ್ಟು ಹಾಕು ಎಂದರೆ ಸಿಟ್ಟಾದಳು. ಸಂಘದಲ್ಲಿ ಸಹಿ ಕಲಿತಿದ್ದಾಳೆ. ಮೂರು ಅಕ್ಷರಕ್ಕೆ ಮೂರು ನಿಮಿಷ ತಗೊಂಡಳು, ನಾವು ಉಸಿರು ಹಿಡಿದು ಕಾದೆವು. ಕೆಳಗೆ ‘ಅನುವಾದಿಸಿದವರು’ ಎಂದು ನನ್ನ ಹೆಸರು.

ಈಗ ನನಗೆ ಯಾರ ಮೇಲೆ ಸಿಟ್ಟು ಬಂದಿದೆ ಎಂದು ಹೇಳಲೇ? ಸ್ಕಾಟ್ಲೆಂಡಿನವರ ಮೇಲೆ ಇದ್ದೇ ಇದೆ, ಅದು ಸಾಯುವವರೆಗೂ ಇರುತ್ತದೆ. ಆದರೆ ಅವರು ನನ್ನ ಕೈ ಹಿಡಿದು ಬರೆಸಲಿಲ್ಲ. ಅವರು ‘ಗ್ಯಾಪ್’ ಎಂದದ್ದಕ್ಕೆ ನಾನು ಎಷ್ಟು ಕುಣಿದೆ! ಅವರು ಕೇಳಿಯಾದರೂ ಕೇಳಿದರು: ಆ ಎರಡು ವರ್ಷ ಏನಾಯಿತು, ವಿವರಿಸಿ ಎಂದು. ನಾನು ಅದನ್ನೂ ಕೇಳಲಿಲ್ಲ. ನೀನು ವಾರಕ್ಕೊಮ್ಮೆ ಪುಸ್ತಕ ಬದಲಿಸಲು ಬರುತ್ತಿದ್ದೆ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ, ನಾನು ನಿನಗೆ ಇಂಗ್ಲಿಷಿನ ಕಾಲಗಳನ್ನು ಒಪ್ಪಿಸಲು ಹೇಳುತ್ತಿದ್ದೆ.

ಮತ್ತೂ ಒಂದು. ಆ ಬೇಸಿಗೆ ನೀನು ಕುಂಟುತ್ತ ಬಂದಿದ್ದೆ. ಮೊಣಕಾಲಿಗೆ ಅರಿವೆ ಕಟ್ಟಿತ್ತು. ಮಥುರೆ ಅರಿಸಿನ ಹಚ್ಚಿ ಹೇಗಾಯಿತೇ ಎಂದಾಗ ನೀನು “ಬಿದ್ದೆ” ಎಂದೆ. ನಾನು ಪುಸ್ತಕದಿಂದ ತಲೆ ಎತ್ತದೆ, “ನೋಡಿ ನಡೀಬೇಕವಾ” ಎಂದೆ. ಇವತ್ತು ಮಾದೇವಿಯನ್ನು ಯಾವ ಮೊಣಕಾಲು ಎಂದು ಕೇಳಿದೆ. ಅವಳಿಗೂ ನೆನಪಿಲ್ಲ. ನನಗಂತೂ ಗೊತ್ತೇ ಇರಲಿಲ್ಲ. ನೀನು ಉತ್ತರ ಬರೆಯಬೇಕೆಂದಿಲ್ಲ. ಬರೆದರೆ, ಎಡದೋ ಬಲದೋ ಅಷ್ಟು ತಿಳಿಸು.

ವೈಶಾಲಿ ಬಾಂದಾರದ ಮೇಲಿನಿಂದ ಕೈ ಬೀಸುತ್ತಿದ್ದಾಳೆ. ಹೋಯಿತು ಎಂದು ಹೇಳುತ್ತಿದ್ದಾಳೋ ಹೊರಡೋಣ ಎನ್ನುತ್ತಿದ್ದಾಳೋ ಇಲ್ಲಿಂದ ಕಾಣುತ್ತಿಲ್ಲ. ಕಾಗದದ ಮೇಲೆ ಗೆರೆ ಎಲ್ಲಿದೆ ಎಂದೂ ಕಾಣುತ್ತಿಲ್ಲ. ಅಕ್ಷರ ಒಂದರ ಮೇಲೊಂದು ಬಿದ್ದಿದ್ದರೆ ಸಾವಕಾಶವಾಗಿ ಓದಿಕೊ. ಬೆಳಕು ಹೋಗುತ್ತಿದೆ.

ರಘುವೀರ